ಗಿಡ್ಡಾದ ಸಿಂಹಾಸನ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಮಗ್ಗಿನ ಬಿಯರು ನನಗೆ ವಿಷವಾಗಲಿ. ಕೂತ್ಕೊಳ್ಳಿ ಅಣ್ಣ, ನಿಮ್ಮ ದೋಣಿ ಹೊರಡೋಕೆ ಇನ್ನೂ ಹೊತ್ತಿದೆ.

ಬಡಗಿ ಟ್ಯಾಡ್ಲೋ ಮೂರನೆಯ ಸಲ ಸಿಂಹಾಸನದ ಕಾಲು ಕೊಯ್ಯುತ್ತಿದ್ದ. ಅರಮನೆಯ ಪಾರುಪತ್ತೇಗಾರ ಯಾಕ್ಸ್ಲಿ ಪಕ್ಕದಲ್ಲಿ ಉಗುರು ಕಚ್ಚುತ್ತ ನಿಂತಿದ್ದ.

"ಸಭೆ ಇಲ್ಲದಾಗ ಬಂಡೆ ಥರ ನಿಲ್ತದೆ ಸ್ವಾಮಿ. ನಾನೇ ಒದ್ದು ನೋಡಿದೀನಿ."

"ಸಿಂಹಾಸನಾನ ಒದ್ದೆಯಾ?"

"ಪ್ರೀತಿಯಿಂದ."

ಹಳೆಯ ದೊರೆ ತೀರಿಕೊಂಡು ಒಂಬತ್ತು ವರ್ಷದ ಮಗನಿಗೆ ಪಟ್ಟವಾಗಿತ್ತು. ಅಂದಿನಿಂದ ಸಭೆ ಸೇರಿದಾಗಲೆಲ್ಲ ಸಿಂಹಾಸನ ಅಲುಗಾಡುತ್ತಿತ್ತು. ಗುರುವಾರ ಫ್ರಾನ್ಸಿನ ರಾಯಭಾರಿ ಬರುವವನಿದ್ದ. ಇಂಗ್ಲೆಂಡಿನ ಸಿಂಹಾಸನ ನಡುಗುತ್ತದೆ ಎಂದು ಅವನು ಊರಿಗೆ ಬರೆದನೆಂದರೆ ತಿಂಗಳೊಳಗೆ ಅವರ ಹಡಗುಗಳು ಥೇಮ್ಸ್ ನದಿಯಲ್ಲಿ. ಹಿಂದಿನ ಬಡಗಿ ಆಗಲೇ ಸೆರೆಮನೆಯಲ್ಲಿದ್ದ. ಟ್ಯಾಡ್ಲೋ ಕೊಯ್ಯುವಾಗ ತನ್ನ ಕುತ್ತಿಗೆಯನ್ನೂ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಆ ಸಭಾಂಗಣದ ಪದ್ಧತಿ ನಿಮಗೆ ಗೊತ್ತು. ದೊರೆ ಕೂತಿರಲಿ, ಬಿಡಲಿ, ಸಿಂಹಾಸನಕ್ಕೆ ಮಂಡಿಯೂರಬೇಕು. ಕಣ್ಣು ನೆಲದ ಮೇಲಿರಬೇಕು. ಎತ್ತಿದವನ ತಲೆ ಆಮೇಲೆ ಎಲ್ಲಿರುತ್ತದೋ ಹೇಳಲಾಗದು. ಹಾಗಾಗಿ ಬೆಣೆ ಹಿಡಿದು ಪಕ್ಕದಲ್ಲೇ ಮಂಡಿಯೂರುತ್ತಿದ್ದ ಟ್ಯಾಡ್ಲೋಗೂ ಕಿವಿಯೊಂದೇ ಗತಿ.

ಯಾರಾದರೂ ಅಹವಾಲು ಹೇಳಿಕೊಂಡರೆ ಸಿಂಹಾಸನ ಮೊದಲು ಕಿರ್ ಎನ್ನುತ್ತಿತ್ತು, ಆಮೇಲೆ ದೊರೆಯ ಉತ್ತರ. ಒಂಬತ್ತರ ಹುಡುಗನಿಗೆ ಅರುವತ್ತರ ಬುದ್ಧಿ ಎಂದು ಊರೇ ಬೆರಗಾಗಿತ್ತು. ದನಿ ಮಾತ್ರ ತುಸು ಗೊಗ್ಗರು.

"ನೆಗಡಿ," ಎಂದ ಯಾಕ್ಸ್ಲಿ.

"ನಾಲ್ಕು ತಿಂಗಳಿಂದಾನಾ?"

"ರಾಜರ ನೆಗಡಿ ಕಣಯ್ಯ. ನಿಮ್ಮನೆ ನೆಗಡಿ ಥರ ಮೂರು ದಿನಕ್ಕೆ ಹೋಗ್ತದಾ?"

ಒಮ್ಮೊಮ್ಮೆ ದೊರೆ 'ಆಗಲಿ' ಎಂದ ಉಸಿರಲ್ಲೇ 'ಕೂಡದು' ಎನ್ನುತ್ತಿದ್ದ. ಆಗಂತೂ ಸಿಂಹಾಸನ ಅತ್ತಿಂದಿತ್ತ ಕುಣಿದುಬಿಡುತ್ತಿತ್ತು. ಸಭೆ ಮುಗಿದ ಮೇಲೆ, ಆಸನದಿಂದ ನೆಲದವರೆಗೆ ಇಳಿಬಿದ್ದ ಜರಿಬಟ್ಟೆಯ ಒಳಗೆ ಟ್ಯಾಡ್ಲೋಗೆ ಎರಡು ಬಾತುಕೋಳಿ ಮೂಳೆ ಸಿಕ್ಕವು.

"ಮಗು ತಾನೆ, ಚೆಲ್ತಾರೆ," ಎಂದ ಯಾಕ್ಸ್ಲಿ.

"ಹುಡುಗ ದೊಡ್ಡವನಾಗೋವರೆಗೂ ರಾಜ್ಯ ನೋಡ್ಕೊಳ್ಳೋ ಆ ಇಬ್ಬರು ಪ್ರಭುಗಳು ಇದನ್ನೆಲ್ಲ ವಿಚಾರಿಸಲ್ವಾ? ಸಭೇಲಿ ಅವರ ದನೀನೇ ಕೇಳಿಲ್ಲ ನಾನು."

"ಅಷ್ಟು ಭಕ್ತಿ ಅವರಿಗೆ. ಎದುರು ನಿಲ್ಲೋಕೂ ಸಂಕೋಚ."

ಟ್ಯಾಡ್ಲೋ ಯೋಚಿಸಿದ. ಗಿಡ್ಡ ಕುರ್ಚಿ ಅಲುಗಾಡದು, ಮಗುವಿನ ಕಾಲೂ ನೆಲಕ್ಕೆ ಮುಟ್ಟುತ್ತದೆ. ಬುಧವಾರ ನಾಲ್ಕೂ ಕಾಲು ಕೊಯ್ದು, ಆಸನದ ಕೆಳಗೆ ಬರೀ ಒಂದು ಗೇಣು ಉಳಿಸಿದ.

ಗುರುವಾರ ರಾಯಭಾರಿ ಬಂದು ಮಂಡಿಯೂರಿದ.

"ಮಹಾಪ್ರಭು, ನಮ್ಮ ದೊರೆ ಒಂದೇ ಮಾತು ಕೇಳ್ತಾರೆ. ಸ್ನೇಹಾನೋ, ಯುದ್ಧಾನೋ?"

ಸಿಂಹಾಸನ ಕಿರ್ ಎನ್ನಲಿಲ್ಲ. ಉತ್ತರವೂ ಬರಲಿಲ್ಲ. ರಾಯಭಾರಿಯ ಮಂಡಿ ಲಟಕ್ ಎಂದದ್ದು ಸಭೆಗೆಲ್ಲ ಕೇಳಿಸಿತು. ಹುಡುಗ ಜಾರಿ ಬಿದ್ದನೇನೋ ಎಂದು ಹೆದರಿ ಟ್ಯಾಡ್ಲೋ ಕಣ್ಣೆತ್ತಿದ.

ಸಿಂಹಾಸನ ಖಾಲಿಯಾಗಿತ್ತು. ಮೆತ್ತೆಯ ಮೇಲೆ ನಾಲ್ಕು ತಿಂಗಳ ದೂಳು. ಕಂಬದ ಮರೆಯಲ್ಲಿ ಇಬ್ಬರು ಪ್ರಭುಗಳು ಸೊಂಟ ಹಿಡಿದುಕೊಂಡು, ಇನ್ನು ತಾವು ಅಡಗಿ ಕೂರಲಾಗದ ಆ ಒಂದು ಗೇಣನ್ನೇ ನೋಡುತ್ತ ನಿಂತಿದ್ದರು. ದೊರೆ ಬೇರೆ ಅರಮನೆಯಲ್ಲಿ ಲ್ಯಾಟಿನ್ ಪಾಠ ಒಪ್ಪಿಸುತ್ತಿದ್ದನಂತೆ; ಸಭೆಗೆ ಕರೆಯುವುದು ಯಾರಿಗೂ ನೆನಪಾಗಿರಲಿಲ್ಲ.

ಒಬ್ಬ ಪ್ರಭು ಟ್ಯಾಡ್ಲೋನತ್ತ ನೋಡಿ ಕುತ್ತಿಗೆಯ ಮೇಲೆ ಬೆರಳು ಎಳೆದ. ಟ್ಯಾಡ್ಲೋನ ಬಾಯಿ ತಾನಾಗಿ ತೆರೆದುಕೊಂಡಿತು. ಹೆದರಿಕೆಗೆ ದನಿ ಎಳೆಯದಾಗಿತ್ತು.

"ಯೋಚಿಸಿ ಹೇಳುತ್ತೇವೆ. ಅಲ್ಲಿವರೆಗೆ ಸ್ನೇಹ."

ರಾಯಭಾರಿ ಅಂದೇ ಊರಿಗೆ ಬರೆದ: ಸಿಂಹಾಸನ ಭದ್ರವಾಗಿದೆ, ದೊರೆಯ ನೆಗಡಿಯೂ ವಾಸಿಯಾಗಿದೆ.

ಅಂದಿನಿಂದ ಆ ಬಡಗಿಗೆ ಅರಮನೆಯಲ್ಲೇ ಕೆಲಸ, ಸಿಂಹಾಸನದ ಹಿಂದಿನ ಪರದೆಯ ಮರೆಯಲ್ಲಿ. ಹೋದ ವಾರ ಉಣ್ಣೆಯ ಸುಂಕ ಇಳಿಸಿದವನೂ ಅವನೇ. ನಂಬಿಕೆ ಬರಲಿಲ್ವಾ ಅಣ್ಣ? ಇಕೋ, ಅದೇ ದನೀಲಿ ಹೇಳ್ತೀನಿ ಕೇಳಿ: "ನಾವು, ಇಂಗ್ಲೆಂಡಿನ ದೊ..." ಅರೆ, ಎದ್ದು ಹೊರಟೇಬಿಟ್ರಾ ಅಣ್ಣ? ದೋಣಿಗೆ ಇನ್ನೂ ಹೊತ್ತಿದೆ!