ವಿಡಿಯೊದ ಎರಡನೆಯ ಭಾಗ

ಹೆಡ್‌ಫೋನ್ ಒಂದೇ ಇತ್ತು. "ಇನ್ನೊಂದು ಕೆಟ್ಟೋಗಿದೆ ಗುರು, ಒಬ್ಬರಾದ್ಮೇಲೆ ಒಬ್ಬರು ಕೇಳ್ಕೊಳ್ಳಿ" ಎಂದು ಸೈಬರ್ ಕೆಫೆಯ ಅಕ್ತರ್ ಕೂತಲ್ಲಿಂದಲೇ ಹೇಳಿದ. ರಾಮು ಅದನ್ನು ಅಣ್ಣನ ಕಿವಿಗೆ ತಾನೇ ಸರಿಯಾಗಿ ಕೂರಿಸಿದ. "ಮೊದಲ ನೀ ಕೇಳಣ್ಣಾ."

ಶರಣಬಸವ ಆಗಷ್ಟೇ ಡಯಾಲಿಸಿಸ್ ಮುಗಿಸಿ ಬಂದಿದ್ದ. ವಾರಕ್ಕೆ ಎರಡು ಸಲ ಕೆ.ಆರ್. ಪುರದಿಂದ ಹಲಸೂರಿನ ಆಸ್ಪತ್ರೆಗೆ ಬರುವುದು, ನಾಲ್ಕು ತಾಸು ಮಲಗುವುದು, ಆಮೇಲೆ ತಮ್ಮನ ಹೆಗಲು ಹಿಡಿದು ಬಸ್‌ಸ್ಟಾಪಿಗೆ ನಡೆಯುವುದು. ಒಂದೂವರೆ ವರ್ಷದಿಂದ ಇದೇ ಆಗಿತ್ತು. ಹೊರಮಾವಿನ ಕಟ್ಟಡಗಳಲ್ಲಿ ಕಬ್ಬಿಣದ ಸರಳು ಕಟ್ಟುತ್ತಿದ್ದ ಕೈಗೆ ಈಗ ಅರ್ಧ ಕೊಡ ನೀರೂ ಭಾರವಾಗಿತ್ತು. ಆಸ್ಪತ್ರೆಯ ಕಸಿ ವಿಭಾಗದ ರೇವತಿ ಮೇಡಂ ಅಂದು ಚೀಟಿಯೊಂದನ್ನು ಬರೆದುಕೊಟ್ಟಿದ್ದರು. "ಕಿಡ್ನಿ ಕಸಿ ಅಂದ್ರೇನು, ಯಾರು ಕೊಡಬಹುದು, ಎಲ್ಲಾ ಇಂಟರ್ನೆಟ್‌ನಲ್ಲಿ ಹಾಕಿದ್ದೀವಿ. ಕನ್ನಡದಲ್ಲೇ ಇದೆ, ಮೂರು ಭಾಗ. ಮನೆಯವರೆಲ್ಲ ನೋಡಿ, ಆಮೇಲೆ ಏನಾದ್ರೂ ಇದ್ರೆ ನನ್ನ ಕೇಳಿ."

ಮೊದಲ ಭಾಗ ನಿಂತು ನಿಂತು ಓಡಿತು. ಎರಡನೆಯದು ಶುರುವಾದಾಗ ಪರದೆಯ ಮೇಲೆ ರೇವತಿ ಮೇಡಮ್ಮೇ ಕಾಣಿಸಿಕೊಂಡರು. ಆಸ್ಪತ್ರೆಯಲ್ಲಿ ಮಾತಾಡಿದಷ್ಟೇ ಮೆಲ್ಲಗೆ ಹೇಳುತ್ತಿದ್ದರು: "ಕಿಡ್ನಿ ಕೊಡೋಕೆ ಬಂದವರನ್ನ ನಾವು ಒಬ್ಬರನ್ನೇ ಕೂರಿಸ್ಕೊಂಡು ಮಾತಾಡ್ತೀವಿ. ಮನೆಯವರ ಬಲವಂತಕ್ಕೆ ಯಾರೂ ಕೊಡಬಾರದು. ಟೆಸ್ಟ್ ಎಲ್ಲಾ ಸರಿ ಬಂದ್ಮೇಲೂ ನಿಮಗೆ ಮನಸ್ಸಿಲ್ಲ ಅಂದ್ರೆ ಧೈರ್ಯವಾಗಿ ಹೇಳಿ. ಆ ಮಾತು ಆ ಕೋಣೆಯಿಂದ ಆಚೆ ಹೋಗಲ್ಲ. ಮನೆಯವರಿಗೆ ನಾವು 'ಇವರದು ಹೊಂದಲ್ಲ' ಅಂತಷ್ಟೇ ತಿಳಿಸ್ತೀವಿ."

ಶರಣಬಸವ ಬಾಣದ ಗುರುತನ್ನು ಹಿಂದಕ್ಕೆ ಎಳೆದು ಮತ್ತೆ ಕೇಳಿದ. ಇನ್ನೊಮ್ಮೆ ಕೇಳಿದ.

ಹತ್ತು ದಿನದ ಹಿಂದಿನ ಮಾತು. ಹೆಂಡತಿ ಬಾಲಮ್ಮನಿಗೆ ಸಕ್ಕರೆ ಕಾಯಿಲೆ, ಅವಳದು ಆಗುವುದಿಲ್ಲ ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಉಳಿದವನು ರಾಮು ಒಬ್ಬನೇ. ಇಬ್ಬರ ರಕ್ತದ ಗುಂಪೂ ಒಂದೇ. ಒಂದೊಂದು ಪರೀಕ್ಷೆ ಸರಿ ಬಂದಾಗಲೂ ಬಾಲಮ್ಮ ದೇವರ ಮುಂದೆ ದೀಪ ಹಚ್ಚಿದ್ದಳು. ಕಡೆಗೆ ರಾಮುವೊಬ್ಬನನ್ನೇ ಒಳಗೆ ಕರೆದು ಅರ್ಧ ಗಂಟೆ ಮಾತಾಡಿದರು. ಮರುದಿನ 'ಹೊಂದಲ್ಲ' ಎಂದರು. ಅವತ್ತು ರಾಮು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದ. ಶರಣಬಸವನೇ ಅವನ ಬೆನ್ನು ಸವರಿ, "ನಿಂದೇನು ತಪ್ಪದನೋ ಇದ್ರಾಗ?" ಎಂದು ಸಮಾಧಾನ ಮಾಡಿದ್ದ.

"ಏನಂತಾರಣ್ಣಾ ಮೇಡಮ್ಮು?" ರಾಮು ಬಗ್ಗಿ ಕೇಳಿದ.

"ಏನಿಲ್ಲ. ನೀರು ಎಷ್ಟು ಕುಡೀಬೇಕು, ಉಪ್ಪು ಎಷ್ಟು ತಿನ್ನಬೇಕು, ಅದೇ."

"ಕೊಡು, ನಾನೂ ಕೇಳ್ತೀನಿ. ಮನ್ಯಾಗ ಬಾಲಮ್ಮ ವೈನಿಗೆ ಹೇಳಾಕ ಬರ್ತದ."

ಕೊಡಬಾರದಿತ್ತು. ಕಣ್ಣಿಗೆ ಕತ್ತಲೆ ಬರುತ್ತಿದೆ, ಹೋಗೋಣ ನಡೆ ಅಂದಿದ್ದರೆ ರಾಮು ಆ ಕ್ಷಣವೇ ಎದ್ದುಬಿಡುತ್ತಿದ್ದ. ಶರಣಬಸವ ಹೆಡ್‌ಫೋನ್ ತೆಗೆದು ಕೊಟ್ಟ. ವಿಡಿಯೊ ಮತ್ತೆ ಮೊದಲಿನಿಂದ ಓಡಿತು. ಅವನು ಪರದೆಯನ್ನು ನೋಡಲಿಲ್ಲ, ತಮ್ಮನ ಮುಖವನ್ನು ನೋಡುತ್ತಾ ಕುಳಿತ. ಅಪ್ಪ ಸತ್ತಾಗ ಆರು ವರ್ಷದವನಾಗಿದ್ದ, ತನ್ನ ತಟ್ಟೆಯಲ್ಲೇ ಉಂಡು ಬೆಳೆದ ಮುಖ. ತುಟಿಯ ಮೇಲೊಂದು ಸಣ್ಣ ನಗೆ ಇತ್ತು, ಮೇಡಂ ಪರಿಚಯದವರೆಂಬ ನಗೆ. ಅದು ಹೋಯಿತು. ವಿಡಿಯೊ ಮುಗಿಯಿತು, ಪರದೆ ಕಪ್ಪಾಯಿತು. ರಾಮು ಮಾತ್ರ ಹೆಡ್‌ಫೋನ್ ತೆಗೆಯದೆ, ಏನೂ ಕೇಳಿಸದ ಕಿವಿಗಳನ್ನು ಎರಡೂ ಕೈಯಿಂದ ಒತ್ತಿಕೊಂಡು ಕೂತೇ ಇದ್ದ.

"ಮೂರನೇದು ಬ್ಯಾಡ, ನಡಿ" ಎಂದ ಶರಣಬಸವ. ಮೂರನೆಯ ಭಾಗದಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು. ಸತ್ತವರ ಕಿಡ್ನಿಗಾಗಿ ಕಾಯುವವರ ಪಟ್ಟಿ. ಅದರಲ್ಲಿ ಅವನ ಹೆಸರು ಎಷ್ಟು ಕೆಳಗಿದೆಯೆಂದರೆ, ಕೇಳಿದಾಗಲೆಲ್ಲ ಮೇಡಂ ಮಾತು ಬದಲಿಸುತ್ತಿದ್ದರು.

ಬಸ್‌ಸ್ಟಾಪಿನಲ್ಲಿ ರಾಮು ತನ್ನ ಹೆಂಡತಿಯ ಮಾತು ಎತ್ತಿದ. "ಅಣ್ಣಾ, ಉಮಾಶ್ರೀಗೆ ಈಗ ಏಳು ತಿಂಗಳು. ಅಕಿ ಭಾಳ ಹೆದರಿ..."

"ಬಸ್ ಬಂತು ನೋಡು."

ಬಂದದ್ದು ಬೇರೆ ಬಸ್ಸು. ಇಬ್ಬರೂ ಅದನ್ನು ನೋಡುತ್ತಾ ನಿಂತರು. ಅದು ಹೋದ ಮೇಲೆ ರಾಮು ಔಷಧಿಯ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ತಮ್ಮ ಬಸ್ಸು ಬಂದಾಗ ಅವನು ಎಂದಿನಂತೆ ಹೆಗಲು ಕೊಟ್ಟ. ಶರಣಬಸವನಿಗೆ ಅದನ್ನು ಹಿಡಿಯದೆ ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಹಿಡಿದ.

ಬಾಲಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಏನ್ ತೋರಿಸ್ಯಾರ್ರಿ? ನಮಗೇನರ ದಾರಿ ಅದ ಅಂತೇನು?"

"ನೀರು ಕಡಿಮಿ ಕುಡೀಬೇಕಂತ."

ಅವಳು ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಔಷಧಿಯ ಚೀಲ ಹಿಡಿದು ಗೋಡೆಗೆ ಒರಗಿ ನಿಂತಿದ್ದ ಮೈದುನನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ಇವಂದಾದರೂ ಹೊಂದಿತ್ತಂದ್ರ... ನಿಂತ ಕಾಲ ಮ್ಯಾಲ ಕೊಡ್ತಿದ್ದ."

ರಾಮು ತಲೆ ಎತ್ತಲಿಲ್ಲ. ಶರಣಬಸವ ಚಾಪೆಯ ಮೇಲೆ ಮೆಲ್ಲಗೆ ಒರಗಿ ಗೋಡೆಯ ಕಡೆ ಮುಖ ಮಾಡಿದ.

"ಹೌದು" ಎಂದ, "ಅವ ಕೊಡಾಂವೇ ಇದ್ದ."