ಗೃಹಪ್ರವೇಶಕ್ಕೆ ಬಿಳಿ ಕಣ್ಣು

“ಕಣ್ಣು ಕೆಂಪಾಗಿರೋದು ಧೂಳಿಗಾ, ಹೊಟ್ಟೆಕಿಚ್ಚಿಗಾ?” ಎಂದು ಮೆಡಿಕಲ್ ಶಾಪಿನ ಗುರುಬಸಪ್ಪ ಎಲ್ಲರೆದುರೇ ಕೇಳಿದ.

“ಹೊಟ್ಟೆಕಿಚ್ಚಿಗೆ. ನನಗಲ್ಲ, ನಮ್ಮ ಯಜಮಾನರಿಗೆ” ಎಂದೆ.

ಕೆಂಡದಂತಿದ್ದ ನನ್ನ ಕಣ್ಣುಗಳನ್ನು ನೋಡಿಯೂ ನೋಡದವನಂತೆ ಅವನು ಎರಡು ಬಾಟಲಿ ಮುಂದಿಟ್ಟ. “ಇದು ಸಾದಾ ಡ್ರಾಪ್ಸು. ಇದು ಸ್ಟೀರಾಯ್ಡು, ಡಾಕ್ಟರ್ ಚೀಟಿ ಬೇಕು. ಯಾರ ಮೇಲಮ್ಮಾ ಅವರಿಗೆ?”

“ತಮ್ಮನ ಹೆಂಡತಿ ಮೇಲೆ. ಮೂರಂತಸ್ತಿನ ಮನೆ ಕಟ್ಟಿಸಿದಾಳೆ. ಇವತ್ತು ಗೃಹಪ್ರವೇಶ.”

“ಅಂದ್ರೆ ನಿಮ್ಮ ವಾರಗಿತ್ತಿ. ಹಾಗಿದ್ರೆ ಸಾದಾದು ಕೆಲ್ಸ ಮಾಡಲ್ಲ.”

ಚೀಟಿ ಪರ್ಸಿನಲ್ಲೇ ಇತ್ತು. ಅವಳು ಪಾಯ ತೋಡಿಸಿದಾಗಲೇ ಬರೆಸಿಟ್ಟುಕೊಂಡಿದ್ದೆ. ಆಟೋದಲ್ಲೇ ಹನಿ ಹಾಕಿಕೊಂಡೆ. ಇಳಿಯುವಷ್ಟರಲ್ಲಿ ಕಣ್ಣು ಮಲ್ಲಿಗೆಯಂತೆ ಬೆಳ್ಳಗಾಗಿತ್ತು. ಹೊಟ್ಟೆ ಮಾತ್ರ ಹಾಗೇ ಉರಿಯುತ್ತಿತ್ತು.

ವಾರಗಿತ್ತಿ ವಿನುತ ಬಂದವರಿಗೆಲ್ಲ ಮನೆ ತೋರಿಸುತ್ತಿದ್ದಳು. ಒಂದೊಂದು ಕೋಣೆಯ ಬಾಗಿಲಲ್ಲೂ ತಿರುಗಿ ನಿಂತು ನಮ್ಮ ಕಣ್ಣು ನೋಡುವಳು. ಎಷ್ಟು ಕಣ್ಣು ಕೆಂಪಾದರೆ ಮನೆಗೆ ಅಷ್ಟು ಶೋಭೆ ಎನ್ನುವ ಊರು ನಮ್ಮದು. ಪಕ್ಕದ ಮನೆಯವರದು ಕೆಂಪು, ಅವಳ ಸ್ವಂತ ಅಕ್ಕನದು ಕೆಂಪು, ಹೋಮಕ್ಕೆ ಕೂತಿದ್ದ ಪುರೋಹಿತರದೂ ಕೆಂಪು. ಅವರು ಹೊಗೆ ಎಂದರು.

ನನ್ನ ಹತ್ತಿರ ಬಂದವಳು ಗಕ್ಕನೆ ನಿಂತಳು. ಕೈಹಿಡಿದು ಬೆಳಕಿಗೆ ಎಳೆದಳು. “ಅಕ್ಕಾ, ಅಡುಗೆಮನೆ ಇನ್ನೊಂದ್ಸಲ ನೋಡ್ಬನ್ನಿ.”

ನೋಡಿದೆ. “ಚೆನ್ನಾಗಿದೆ ಕಣೇ.”

“ಅಷ್ಟೇನಾ? ನಿಮಗೇನೂ ಅನ್ನಿಸ್ಲೇ ಇಲ್ವಾ?”

ಕಾಡಿಗೆ ತೀಡಿದ ಅವಳ ಕಣ್ಣು ಅಂಚಿನಿಂದ ನಿಧಾನವಾಗಿ ಕೆಂಪೇರತೊಡಗಿತು.

“ಹೊಸ ಮನೆ ಅಲ್ವಾ, ಧೂಳಿರಬೇಕು” ಎಂದು, ಬಾಟಲಿಯನ್ನು ಪರ್ಸಿನ ತಳಕ್ಕೆ ತಳ್ಳಿದೆ.