ಹದಿನೈದು ವರ್ಷದ ಉಪ್ಪಿನಕಾಯಿ

ಸಾಲೋಟಗಿಯ ಮಡಿವಾಳಪ್ಪನ ಗಾಣದ ಮನೆಗೆ ಹೋಗಿ, ಐದು ಲೀಟರಿನ ಸ್ಟೀಲ್ ಕ್ಯಾನನ್ನು ಎಂದಿನ ಜಾಗದಲ್ಲಿಟ್ಟು ಪ್ರಹ್ಲಾದರಾಯರು ತಲೆಯೆತ್ತಿ ನೋಡಿದರೆ ಗಾಣವೇ ಇರಲಿಲ್ಲ. ಅದು ಕೂತಿದ್ದ ಕಡೆ ನೆಲ ದುಂಡಗೆ ಕಪ್ಪಾಗಿತ್ತು. ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಮಡಿವಾಳಪ್ಪ, ಅವನ ಕೈಯಲ್ಲಿ ಮೊಬೈಲು.

“ಬರ್ರಿ ಸರ, ಬರ್ರಿ. ಈಗ ನಿಮ್ಮನ್ನ ನೆನಸಾಕತ್ತಿದ್ದೆ.”

“ಗಾಣ ಎಲ್ಲೋ ಮಡಿವಾಳಪ್ಪ?”

“ಸೊಲ್ಲಾಪುರದ ಹೋಟೆಲಿನವ್ರು ಒಯ್ದ್ರು ಸರ. ಬಾಗಲದಾಗ ಇಡ್ತಾರಂತ, ಮಂದಿ ಫೋಟೋ ತಗಸ್ಕೊಳ್ಳಾಕ.”

ರಾಯರು ಖಾಲಿ ಕ್ಯಾನನ್ನು ಮತ್ತೆ ಕೈಗೆತ್ತಿಕೊಂಡರು. ಇಂಡಿ ಪಟ್ಟಣದ ಮನೆಯಲ್ಲಿ ಹೆಂಡತಿ ತುಳಸೀಬಾಯಿ ಬೆಳಗಿನಿಂದ ಕೂತು ಇನ್ನೂರು ಮಾವಿನಕಾಯಿ ಹೆಚ್ಚಿ, ಉಪ್ಪು ಖಾರ ಬೆರೆಸಿ ಇಟ್ಟಿದ್ದಾರೆ. ಸಂಜೆಯೊಳಗೆ ಎಣ್ಣೆ ಬೀಳದಿದ್ದರೆ ಅಷ್ಟೂ ಹಾಳು. ಅದೂ ಯಾವುದೋ ಎಣ್ಣೆಯಲ್ಲ, ಇದೇ ಗಾಣದ ಕುಸುಬಿ ಎಣ್ಣೆ. ಆ ಮನೆಗೆ ಈ ನಿಯಮ ಹಾಕಿದವರು ಸ್ವತಃ ರಾಯರೇ. ನಿವೃತ್ತ ವಿಜ್ಞಾನದ ಮೇಷ್ಟರು. ಯಾರ ಮನೆಯ ಮದುವೆಗೆ ಹೋದರೂ ಪಂಕ್ತಿಯಲ್ಲಿ ಕೂರುವ ಮೊದಲು ಅಡಿಗೆಯವನ ಹತ್ತಿರ ಹೋಗಿ, ಒಂದು ಹನಿ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಮೂಸುತ್ತಿದ್ದರು. ಪಾಮ್ ಎಣ್ಣೆಯಾದರೆ ಮುಗಿಯಿತು, ಬರೀ ಮೊಸರನ್ನ ಉಂಡು ಎದ್ದು ಬರುತ್ತಿದ್ದರು. ಅವರು ಬರುತ್ತಾರೆಂದರೆ ತಾಲೂಕಿನ ಅಡಿಗೆಯವರು ಎಣ್ಣೆಯ ಡಬ್ಬಿ ಬಚ್ಚಿಡುತ್ತಿದ್ದರು.

“ನಾಕು ತಲಿಮಾರಿನ ಗಾಣ ಮಾರ್ಲಿಕ್ಕೆ ನಿನಗೇನ ಧಾಡಿ ಬಂದಿತ್ತೋ?”

ಮಡಿವಾಳಪ್ಪ ರಾಯರ ಮುಖವನ್ನೇ ನೋಡಿದ. “ನೀವ ಹೇಳಿದ್ರಲ್ರಿ ಸರ!”

ಹೇಳಿದ್ದು ನಿಜ. ಎರಡು ವರ್ಷದ ಹಿಂದೆ ಅಳಿಯ ಶ್ರೀವಲ್ಲಭನ ಮಾತು ಕೇಳಿ ರಾಯರು ನಿವೃತ್ತಿಯಲ್ಲಿ ಬಂದ ಗಂಟನ್ನೆಲ್ಲ ಪಾಮ್ ಎಣ್ಣೆ ತೆಗೆಯುವ ತಾಳೆ ತೋಟದ ಕಂಪನಿಯೊಂದರ ಶೇರುಗಳಲ್ಲಿ ಹಾಕಿದ್ದರು. ಅಂದಿನಿಂದ ಪ್ರತಿ ತಿಂಗಳೂ ಎಣ್ಣೆ ಇಳಿಯುವ ತನಕ ಕುಸುಬಿಯ ಚೀಲದ ಮೇಲೆ ಕೂತು ಇಲ್ಲೇ ಪಾಠ. ತಾಳೆ ಒಮ್ಮೆ ನೆಟ್ಟರೆ ಇಪ್ಪತ್ತೈದು ವರ್ಷ ಫಲ. ಎಕರೆಗೆ ಕುಸುಬಿಯ ಎಷ್ಟೋ ಪಟ್ಟು ಎಣ್ಣೆ. ಶೇರಿನ ಇವತ್ತಿನ ರೇಟು ನೋಡಬಾರದು, ಹದಿನೈದು ವರ್ಷ ಮುಟ್ಟದೆ ಕೂರಬೇಕು. ರಾಯರಿಗೆ ಆಗಲೇ ಅರವತ್ತೊಂಬತ್ತು ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ. “ನಿನ್ನ ಗಾಣಕ್ಕ ಭವಿಷ್ಯ ಇಲ್ಲೋ ತಮ್ಮಾ. ಮುಂದ ಎಲ್ಲಾರೂ ಪಾಮ್ ಎಣ್ಣೀನ ತಿನ್ನವ್ರು” ಎನ್ನುತ್ತಿದ್ದರು. ಎಲ್ಲರೂ ಎಂದರೆ ತಮ್ಮ ಮನೆಯವರನ್ನು ಬಿಟ್ಟು ಎಂಬುದು ಅವರಿಗೆ ಎಷ್ಟು ಸಹಜವಾಗಿತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕೆಂದೇ ಹೊಳೆದಿರಲಿಲ್ಲ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅವರ ಪಾಠವನ್ನು ಪೂರ್ತಿ ನಂಬಿದ ವಿದ್ಯಾರ್ಥಿ ಒಬ್ಬನೂ ಸಿಕ್ಕಿರಲಿಲ್ಲ. ಸಿಕ್ಕವನು ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ.

“ಗಾಣ ಮಾರಿದ ರೊಕ್ಕ ಅಷ್ಟೂ ನಿಮ್ಮ ಕಂಪನ್ಯಾಗ ಹಾಕೇನ್ರಿ. ನೋಡ್ರಿಲ್ಲೆ, ಇವತ್ತ ಮೂರು ರೂಪಾಯಿ ಏರೇತಿ!”

ಏರಿತ್ತು. ಶೇರು ಏರಿದ್ದಕ್ಕೆ ರಾಯರಿಗೆ ಸಂಕಟವಾದದ್ದು ಅದೇ ಮೊದಲು.

“ಅದಿರ್ಲಿ, ನಿಮ್ಮ ಮನಿ ಖರ್ಚಿಗಂತ ಇಟ್ಟಿದ್ದಾದ್ರೂ ಒಂದೀಟು ಕುಸುಬಿ ಎಣ್ಣಿ ಉಳದದೇನೋ?”

“ಇಲ್ರಿ ಸರ. ನಾವೂ ಪಾಮ್ ಎಣ್ಣಿ ಪಾಕೀಟ ತರಾಕತ್ತೇವಿ. ಸ್ವಂತ ಕಂಪನಿ ಎಣ್ಣಿ ಬಿಟ್ಟು ಬ್ಯಾರೇದು ತಿಂದ್ರ ಚಂದ ಕಾಣತೈತೇನ್ರಿ?”

ಖಾಲಿ ಕ್ಯಾನು ಸ್ಕೂಟರಿಗೆ ಬಡಿಯುತ್ತ ಇಂಡಿಯವರೆಗೂ ಬಂತು. ಕಿರಾಣಿ ಅಂಗಡಿಯಲ್ಲಿ ಶೇಂಗಾ ಎಣ್ಣೆ ಇತ್ತು, ಸೂರ್ಯಕಾಂತಿ ಇತ್ತು. ಆದರೆ ‘ಸ್ವಂತ ಕಂಪನಿ ಎಣ್ಣಿ’ ಎಂಬ ಮಡಿವಾಳಪ್ಪನ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು, ಮೇಷ್ಟರಿಗೆ ಮಾತಿನಲ್ಲಿ ಸೋತು ರೂಢಿಯಿಲ್ಲ. ಐದು ಪಾಕೀಟು ಪಾಮ್ ಎಣ್ಣೆ ಕಟ್ಟಿಸಿಕೊಂಡರು. ಮನೆಗೆ ಬಂದು, ಗಾಣದ ಕತೆ ಹೇಳಿ, ಪಾಕೀಟುಗಳನ್ನು ಮಾವಿನಕಾಯಿ ತುಂಬಿದ ದೊಡ್ಡ ಪರಾತದ ಪಕ್ಕ ಇಟ್ಟರು.

“ಏನಿದು?” ಎಂದರು ತುಳಸೀಬಾಯಿ.

“ನಮ್ಮ ಕಂಪನೀದು” ಎಂದರು ರಾಯರು. ದನಿ ಅರ್ಧಕ್ಕೇ ಇಳಿದಿತ್ತು.

ತುಳಸೀಬಾಯಿ ಕೂಗಾಡಲಿಲ್ಲ. ಒಂದು ಪಾಕೀಟಿನ ತುದಿ ಕತ್ತರಿಸಿ, ಒಂದು ಹನಿಯನ್ನು ಬೆರಳಲ್ಲಿ ತಿಕ್ಕಿ, ಆ ಬೆರಳನ್ನು ಗಂಡನ ಮೂಗಿಗೆ ಹಿಡಿದರು. ರಾಯರು ತಮಗೆ ಗೊತ್ತಿಲ್ಲದೆಯೇ ಮುಖ ಹಿಂದಕ್ಕೆಳೆದುಕೊಂಡರು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

“ಹೋಗ್ರಿ, ಕೈಕಾಲು ತೊಳ್ಕೋರಿ. ನಾ ನೋಡ್ತೇನಿ.”

ಪಕ್ಕದ ಮನೆಯ ಸುಮಿತ್ರಾಬಾಯಿ ಕಡೆಯಿಂದ ಶೇಂಗಾ ಎಣ್ಣೆ ಬಂತು. ಮಗಳು ಮಂಜರಿಯ ಭರಣಿ, ಇನ್ನೊಬ್ಬ ಮಗಳು ಮೃಣಾಲಿನಿಯ ಭರಣಿ, ಮನೆಯ ದೊಡ್ಡ ಭರಣಿ, ಎಲ್ಲ ತುಂಬಿದವು. ಹೆಣ್ಣುಮಕ್ಕಳದ್ದಾಯಿತು, ಮನೆಯದ್ದಾಯಿತು ಎಂದು ರಾಯರು ಉಸಿರುಬಿಟ್ಟರು.

ರಾತ್ರಿ ಊಟಕ್ಕೆ ಕೂತಾಗ ಹೊಸ ಉಪ್ಪಿನಕಾಯಿಯ ಘಮ ಮನೆ ತುಂಬ ಇತ್ತು. ರಾಯರು ಕೈ ಚಾಚಿದರು. ತುಳಸೀಬಾಯಿ ದೊಡ್ಡ ಭರಣಿಯನ್ನು ಆಚೆ ಸರಿಸಿ, ಗೋಡೆಯ ಮಾಡದಲ್ಲಿದ್ದ ಸಣ್ಣ ಗಾಜಿನ ಭರಣಿಯೊಂದರ ಕಡೆ ಬೆರಳು ತೋರಿಸಿದರು. ಅದರಲ್ಲಿ ಮಾವಿನ ಹೋಳುಗಳ ಮೇಲೆ ಪಾಮ್ ಎಣ್ಣೆ ಕತ್ತಿನ ತನಕ ನಿಂತಿತ್ತು. ಬಾಯಿಗೆ ಬಿಳಿ ಅರಿವೆ ಬಿಗಿದಿತ್ತು. ಮೇಲೆ ಅಂಟಿಸಿದ ಚೀಟಿಯಲ್ಲಿ ದುಂಡನೆಯ ಅಕ್ಷರ: ‘ಇವರದು. ಹದಿನೈದು ವರ್ಷ ಮುಟ್ಟಬಾರದು.’